ಏಳು ಚುಕ್ಕೆಯ ಸುಣ್ಣದ ದುಂಡು

ಇಳಕಲ್ಲಿನ ದಸ್ತಗೀರಸಾಬ ಊರೂರು ತಿರುಗುವುದು ಸೀರೆ ಮಾರುವುದಕ್ಕೆ ಎಂದು ಅವನ ಹೆಂಡತಿ ಬಾನುಬಿ ಒಬ್ಬಳೇ ನಂಬಿದ್ದಳು. ಉಳಿದವರಿಗೆಲ್ಲ ಖರೆ ಸಂಗತಿ ಗೊತ್ತಿತ್ತು. ಸೀರೆ ಒಂದು ನೆಪ. ಅವನು ತಿರುಗುತ್ತಿದ್ದುದು ದೋಸೆಗೆ.

ಹಾಗಂತ ಅವನೇನು ಹೊಟ್ಟೆಬಾಕ ಅಲ್ಲ ನೋಡಿ. ಕಡ್ಡಿಯಂಥ ಆಳು. ಹೆಗಲ ಮೇಲೆ ಸೀರೆಯ ಗಂಟು, ಸೊಂಟದಲ್ಲಿ ಎಲೆ ಅಡಿಕೆಯ ಚೀಲ, ಚೀಲದೊಳಗೆ ಹಿತ್ತಾಳೆಯ ಸುಣ್ಣದ ಡಬ್ಬಿ. ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಬಾಗಲಕೋಟೆ, ಬಾಗಲಕೋಟೆಯಿಂದ ರೈಲಿನಲ್ಲಿ ಬಾದಾಮಿ. ರೈಲು ಬಂದು ಆಗ ಇಪ್ಪತ್ತು ವರ್ಷ ಆಗಿತ್ತೇನೋ. ಸ್ಟೇಷನ್ನಿನ ಹೊರಗೆ, ಗಾಡಿ ಬಿಚ್ಚುವ ಮರದ ಕೆಳಗೆ, ಹೊಳೆ ದಾಟುವ ಕಡೆ ಮೂರು ಕಲ್ಲು ಹೂಡಿ ದೋಸೆ ಹಾಕಿ ಮಾರುವವರು ದಿನಕ್ಕೊಬ್ಬರು ಹುಟ್ಟುತ್ತಿದ್ದರು. ಅದರಲ್ಲೂ ಗೋಧಿ ಹಿಟ್ಟಿಗೆ ಬೆಲ್ಲದ ನೀರು ಕಲಸಿ, ಮೇಲೆ ಗಸಗಸೆ ಉದುರಿಸಿ ಹಾಕುವ ಸಿಹಿ ದೋಸೆ ಎಂದರೆ ದಸ್ತಗೀರಸಾಬ ಎರಡು ಹರದಾರಿ ಸುತ್ತಾದರೂ ಹೋಗಿಯೇ ಬಿಡುತ್ತಿದ್ದ.

ಅವನ ಪರೀಕ್ಷೆ ಬಲು ಕಠಿಣ. ಮೊದಲು ಅಂಚು ಮುರಿದು ತಿನ್ನುತ್ತಿದ್ದ, ಆಮೇಲೆ ನಡುವಿನದು, ಕಡೆಗೆ ಬೆರಳು ಮೂಸಿ ನೋಡುತ್ತಿದ್ದ. ಮುಂದಿನ ಊರು ಮುಟ್ಟುವ ತನಕ ಬೆರಳಿನಲ್ಲಿ ಆ ವಾಸನೆ ಉಳಿದಿದ್ದರೆ ಪಾಸು. ಬಾಗಲಕೋಟೆ ಸ್ಟೇಷನ್ನಿನ ದೋಸೆ ತಿಂದು, ಇದರಾಗ ಬೆಲ್ಲ ಹಾಕ್ಯಾರೋ ಬರೇ ಬೆಲ್ಲದ ಸುದ್ದಿ ಹೇಳ್ಯಾರೋ ಎಂದು ಕೇಳಿದವನು ಅವನು. ಪಾಸಾದವರ ಒಲೆಯ ಹತ್ತಿರದ ಮರಕ್ಕೆ, ಮುಂದಿನ ಸಲ ಹೋದಾಗ, ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದು ಒಂದು ದುಂಡು ಬರೆಯುತ್ತಿದ್ದ. ದುಂಡಿನೊಳಗೆ ಏಳು ಚುಕ್ಕೆ. ದೋಸೆಯ ಮೇಲೆ ತೂತು ಬೀಳುತ್ತವಲ್ಲ, ಹಾಗೆ. ಗಾಡಿಯವರು, ಜಾತ್ರೆಗೆ ಹೋಗುವವರು, ಕೋರ್ಟಿಗೆ ಅಲೆಯುವವರು ಎಲ್ಲರಿಗೂ ಆ ಗುರುತು ಗೊತ್ತಾಯಿತು. ದುಂಡು ಕಂಡರೆ ಕಣ್ಣು ಮುಚ್ಚಿ ತಿನ್ನಬಹುದು ಎಂದು ಮಾತಾಯಿತು.

ಬಾದಾಮಿ ಸ್ಟೇಷನ್ನಿನಿಂದ ಊರಿಗೆ ಹೋಗುವ ದಾರಿಯಲ್ಲಿ, ಒಂದು ಬೇವಿನ ಮರದ ಎದುರಿಗೆ ಗುರುಲಿಂಗವ್ವನ ಮನೆ. ಗಂಡ ಸತ್ತವಳು. ಮಗಳು ಸಾವಿತ್ರೆವ್ವನೂ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಾಯಿಯ ಹತ್ತಿರವೇ ಇದ್ದಳು. ಬಾಗಿಲ ಮುಂದೆ ಒಲೆ, ಕಟ್ಟೆಯ ಮೇಲೆ ಮುತ್ತಲ ಎಲೆ ಹಾಸಿ ಯಾವ ಜಾತಿಯವ ಬಂದರೂ ಅಲ್ಲೇ ಕೂಡಿಸಿ ನೀಡುವುದು. ಗುರುಲಿಂಗವ್ವ ಬದನೆಕಾಯಿಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಕಬ್ಬಿಣದ ಹಂಚಿಗೆ ಸವರುತ್ತಿದ್ದಳು. ಹಂಚು ಒಮ್ಮೆ ಸೀಳಿದ್ದಕ್ಕೆ ಕಮ್ಮಾರ ಅಲ್ಲಿ ಒಂದು ಮೊಳೆ ಬಡಿದು ತೇಪೆ ಹಾಕಿದ್ದ. ಹಾಗಾಗಿ ಪ್ರತಿ ದೋಸೆಯ ಬೆನ್ನಿಗೂ ಅಂಚಿನ ಹತ್ತಿರ ತೊಗರಿಕಾಳಿನಷ್ಟು ಒಂದು ಗುಳಿ ಬೀಳುತ್ತಿತ್ತು.

ದಸ್ತಗೀರಸಾಬ ಅಲ್ಲಿ ಮೊದಲ ಸಲ ತಿಂದ ದಿವಸ ಮಾತೇ ಆಡಲಿಲ್ಲ. ರೈಲು ಹತ್ತಿದ, ಬಾಗಲಕೋಟೆಯಲ್ಲಿ ಇಳಿದ, ಹುನಗುಂದಕ್ಕೆ ನಡೆದ. ಮಾರನೆಯ ದಿನವೂ ಬೆರಳಲ್ಲಿ ವಾಸನೆ ಇತ್ತು. ಹದಿನೈದು ದಿನಕ್ಕೆ ತಿರುಗಿ ಬಂದು, ಇಂಥಾ ದ್ವಾಸಿ ಹದಿಮೂರು ವರ್ಷದಾಗ ತಿಂದಿಲ್ಲ ಯಕ್ಕಾ ಎಂದು ಶುರು ಮಾಡಿದ. ಗುರುಲಿಂಗವ್ವ ಗಾಬರಿಯಾಗಿ ಒಲೆಗೆ ಒಂದು ಚಿಟಿಕೆ ಉಪ್ಪು ಎಸೆದಳು. ಅದು ಚಟಚಟ ಎಂದಿತು.

“ತಿನ್ನು ಸಾಬಣ್ಣಾ, ಹೊಗಳಬ್ಯಾಡ” ಎಂದಳು. “ಹೊಗಳಿದ್ರ ಹಂಚು ಮುನಿತೈತಿ. ಆ ನಿನ್ನ ಸುಣ್ಣದ ದುಂಡೂ ನನಗ ಬ್ಯಾಡ. ದಿನಾ ಇಪ್ಪತ್ತು ಮಂದಿ ಬರ್ತಾರ, ಅಷ್ಟು ಸಾಕು ನಮಗ.”

ಅವನು ಆಯಿತೆಂದು ತಲೆಯಾಡಿಸಿದ. ಆದರೆ ಹೋಗುವಾಗ ಅವಳು ಹಿಟ್ಟಿನ ಗಡಿಗೆ ತರಲು ಒಳಗೆ ಹೋದದ್ದನ್ನು ನೋಡಿ, ಬೇವಿನ ಮರಕ್ಕೆ ದುಂಡು ಬರೆದೇ ಬಿಟ್ಟ. ಅವನ ಕೈ ಕೇಳಬೇಕಲ್ಲ. ಅಷ್ಟಕ್ಕೆ ಸುಮ್ಮನಾಗಲೂ ಇಲ್ಲ. ರೈಲಿನಲ್ಲಿ, ಸೀರೆ ಬಿಚ್ಚಿದ ಪಡಸಾಲೆಗಳಲ್ಲಿ, ಗಾಡಿ ಅಡ್ಡೆಯಲ್ಲಿ ಅದೇ ಮಾತು. ಹೆಂಗಸರು ಸೆರಗಿನ ಬಣ್ಣ ಕೇಳಿದರೆ ಇವನು ದೋಸೆಯ ಬಣ್ಣ ಹೇಳುತ್ತಿದ್ದ. ಎರಡು ವರ್ಷದಲ್ಲಿ ಗುರುಲಿಂಗವ್ವನ ಕಟ್ಟೆಗೆ ಇಪ್ಪತ್ತು ಹೋಗಿ ಎಂಬತ್ತು ಮಂದಿ ಬರತೊಡಗಿದರು. ಅವಳು ಸಾಬಣ್ಣನನ್ನು ಬೈಯುತ್ತ, ಬೈಯುತ್ತಲೇ ಅವನ ಎಲೆಗೆ ಒಂದು ದೋಸೆ ಹೆಚ್ಚು ಹಾಕುತ್ತಿದ್ದಳು.

ಆ ವರ್ಷ ಬಾಗಲಕೋಟೆಯಲ್ಲಿ ಇಲಿ ಸತ್ತು ಬೀಳಲು ಶುರುವಾಯಿತು.

ಶುರುವಾಗುವುದಕ್ಕೆ ನಾಲ್ಕೇ ದಿನ ಮುಂಚೆ ದಸ್ತಗೀರಸಾಬ ರೈಲಿನಲ್ಲಿ ಬರುವಾಗ ಎದುರಿಗೆ ಕೂತಿದ್ದವನು ಬಾಗಲಕೋಟೆಯ ಕಾಳಿನ ಅಂಗಡಿಯ ಗುಮಾಸ್ತ ಅಂದಾನಪ್ಪ. ಒಳ್ಳೇ ಮನುಷ್ಯ. ನಾಲಿಗೆಗೆ ಏನೂ ರುಚಿಸವಲ್ಲದು ಎಂದು ಅವನು ಅಂದದ್ದೇ ತಡ, ಸಾಬ ಅವನ ಅಂಗೈ ಹಿಡಿದು ಅದರ ಮೇಲೆ ಸುಣ್ಣದಲ್ಲಿ ದುಂಡು ಬರೆದು ಏಳು ಚುಕ್ಕೆ ಇಟ್ಟ. ಬಾದಾಮಿಗೆ ಹೋದರೆ ಇಂಥ ಗುರುತಿನ ಮರ ಹುಡುಕು, ನನ್ನ ಹೆಸರು ಹೇಳು ಎಂದ. ಅಂದಾನಪ್ಪ ನಗುತ್ತ ಅಂಗೈ ಮುಚ್ಚಿಕೊಂಡ.

ಆಮೇಲೆ ಪ್ಲೇಗು ಹಬ್ಬಿತು. ಸ್ಟೇಷನ್ನುಗಳಲ್ಲಿ ಡಾಕ್ಟರು ನಿಂತು ಮಂದಿಯ ಕಂಕುಳು ಮುಟ್ಟಿ ನೋಡತೊಡಗಿದರು. ಊರು ಬಿಟ್ಟು ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಇಳಕಲ್ಲಿನಲ್ಲಿ ಮಗ್ಗಗಳು ನಿಂತವು. ದಸ್ತಗೀರಸಾಬನೂ ಬಾನುಬಿಯೂ ನಾಲ್ಕು ತಿಂಗಳು ಹೊಲದಲ್ಲೇ ಕಳೆದರು. ಎಲ್ಲ ತಣ್ಣಗಾದ ಮೇಲೆ ಅವನು ಗಂಟು ಹೊತ್ತು ಮೊದಲು ಹೋದದ್ದು ಬಾದಾಮಿಗೆ.

ಮಟಮಟ ಮಧ್ಯಾಹ್ನ. ಬೇವಿನ ಮರದ ಮೇಲೆ ಅವನ ಬಿಳಿ ದುಂಡು ಹಾಗೇ ಇತ್ತು. ಎದುರಿಗೆ ಗುರುಲಿಂಗವ್ವನ ಬಾಗಿಲಿನ ಮೇಲೆ ಇನ್ನೊಂದು ದುಂಡು. ಅದು ಕೆಂಪು. ಪ್ಲೇಗಿನಿಂದ ಸತ್ತವರ ಮನೆಗೆ ಸರಕಾರದವರು ಹಾಕುತ್ತಿದ್ದ ಗುರುತು. ಎರಡೂ ಒಂದರ ಮುಖ ಒಂದು ನೋಡುತ್ತಿದ್ದವು, ಅಳತೆ ಕೂಡ ಒಂದೇ.

ಪಕ್ಕದ ಮನೆಯ ಮುದುಕಿ ದೂರದಲ್ಲೇ ನಿಂತು ಹೇಳಿದ್ದು ಇಷ್ಟು. ಬಾಗಲಕೋಟೆಯ ಯಾವನೋ ಗುಮಾಸ್ತ, ಸುಣ್ಣದ ದುಂಡು ಎಲ್ಲೈತಿ ಎಂದು ಕೇಳಿಕೊಂಡು ಬಂದ. ಎಲೆಯ ಮುಂದೆ ಕೂತವನಿಗೆ ಜ್ವರ ನೆತ್ತಿಗೇರಿತು. ಅವನು ಮೂರನೆಯ ದಿವಸ ಹೋದ, ಗುರುಲಿಂಗವ್ವ ಏಳನೆಯ ದಿವಸ. ಮನೆಯಲ್ಲಿದ್ದುದನ್ನೆಲ್ಲ ಸುಟ್ಟರು. ಸಾವಿತ್ರೆವ್ವನನ್ನು ಊರ ಹೊರಗಿನ ಪ್ಲೇಗಿನ ಷೆಡ್ಡಿಗೆ ಒಯ್ದರು. ಅಲ್ಲಿಗೆ ಹೋದವರು ಯಾರು ತಿರುಗಿ ಬಂದಿದ್ದಾರೆ?

ದಸ್ತಗೀರಸಾಬ ತಲೆಯ ರುಮಾಲು ಬಿಚ್ಚಿ, ಹಳ್ಳದಲ್ಲಿ ಅದ್ದಿ ತಂದು, ಮರದ ದುಂಡನ್ನು ತೊಗಟೆ ಕಿತ್ತು ಬರುವ ತನಕ ತಿಕ್ಕಿದ. ಕೆಂಪು ದುಂಡನ್ನು ಮುಟ್ಟಲಿಲ್ಲ. ಅದನ್ನು ಬರೆದದ್ದೂ ತನ್ನ ಬೆರಳೇ ಎಂದು ಅವನಿಗೆ ಅನಿಸಿಬಿಟ್ಟಿತು. ಹೋಗುತ್ತ ಸುಣ್ಣದ ಡಬ್ಬಿಯನ್ನು ಹಳ್ಳಕ್ಕೆ ಎಸೆದ. ಅಂದಿನಿಂದ ಸುಣ್ಣವಿಲ್ಲದ ಎಲೆ ಅಗಿಯತೊಡಗಿದ. ದೋಸೆ ಬಿಟ್ಟ. ಸೀರೆ ಬಿಚ್ಚುವುದು, ಬೆಲೆ ಹೇಳುವುದು, ಮಡಚುವುದು. ಮಾತು ನಿಂತ ಮೇಲೆ ಸೀರೆಯೂ ಅಷ್ಟಕ್ಕಷ್ಟೇ ಹೋಗುತ್ತಿತ್ತು.

ವರ್ಷ ತಿರುಗಿತು. ಒಂದು ದಿನ ಹುನಗುಂದ ದಾಟಿ ಸಂಗಮದ ಕಡೆ ಹೊರಟಿದ್ದ. ದಾರಿಯ ಬದಿಯ ಹುಣಸೆ ಮರದ ಮೇಲೆ, ಅವನ ಹೆಗಲಿನ ಎತ್ತರಕ್ಕೆ ಸರಿಯಾಗಿ, ಸುಣ್ಣದ ದುಂಡು. ಒಳಗೆ ಎಣಿಸಿದರೆ ಏಳು ಚುಕ್ಕೆ.

ಅವನು ಆ ಮರಕ್ಕೆ ಯಾವತ್ತೂ ಬರೆದಿರಲಿಲ್ಲ. ಬೆರಳಿಟ್ಟು ನೋಡಿದ. ಸುಣ್ಣ ಇನ್ನೂ ಹಸಿ. ಸುತ್ತ ಬಿಸಿಲು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಒರೆಸಿ ಹಾಕಿ, ಸಂಗಮದ ಹಾದಿ ಬಿಟ್ಟು ಬೇರೆ ದಿಕ್ಕಿಗೆ ನಡೆದುಬಿಟ್ಟ. ಮುಂದಿನ ತಿಂಗಳು ಬಂದರೆ ದುಂಡು ಮತ್ತೆ ಅಲ್ಲೇ ಇತ್ತು. ಮರೋಳದ ದಾರಿಯ ಬನ್ನಿ ಮರಕ್ಕೂ ಒಂದಿತ್ತು. ಗಾಡಿ ಬಿಚ್ಚುವ ಕಡೆಯ ಕಲ್ಲಿಗೂ ಒಂದಿತ್ತು.

ಬಾಗಲಕೋಟೆ ಸ್ಟೇಷನ್ನಿನಿಂದ ಇಳಕಲ್ಲಿಗೆ ನೂಲಿನ ಪೆಟ್ಟಿಗೆ ಹೇರುವ ಗಾಡಿಯ ಈರಪ್ಪ ಅವನ ಹಳೆಯ ಗೆಳೆಯ. ಅವನಿಗೆ ಇದನ್ನು ಹೇಳಿದರೆ ಅವನು ಚಾಟಿಯ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ನಕ್ಕ.

“ನಿನ್ನ ಕೈ ನಿನ್ನ ಬಿಟ್ಟು ಮುಂದ ಹೊಂಟೈತಿ ಬಿಡಲೇ. ನೀ ಸುಸ್ತಾದಿ, ಅದಕ್ಕಿನ್ನೂ ದ್ವಾಸಿ ಆಸೆ ತೀರಿಲ್ಲ.”

ಈರಪ್ಪ ಅಂದದ್ದು ಚೇಷ್ಟೆಗೆ. ಸಾಬನಿಗೆ ಅದು ಎದೆಯಲ್ಲಿ ನೆಟ್ಟಿತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವನು ಬೆರಳು ನೋಡಿಕೊಳ್ಳತೊಡಗಿದ, ತುದಿಯಲ್ಲಿ ಬಿಳುಪು ಇದೆಯೇ ಎಂದು. ಉಗುರಿನ ಸಂದಿ ನೋಡುತ್ತಿದ್ದ. ದಾರಿಯಲ್ಲಿ ಮಧ್ಯಾಹ್ನದ ಹೊತ್ತು, ಹತ್ತಿರದಲ್ಲಿ ಮನೆಯೇ ಇಲ್ಲದ ಕಡೆ, ಕಾದ ಹಂಚಿಗೆ ಬೆಲ್ಲ ತಾಗಿದ ವಾಸನೆ ಬರುತ್ತಿತ್ತು. ಉಪ್ಪು ಚಟಚಟ ಅಂದ ಹಾಗೆ ಆಗಿ ತಿರುಗಿ ನೋಡಿದರೆ ಒಣಗಿದ ಎಲೆ. ಗುರುಲಿಂಗವ್ವ ತನ್ನ ಮುಂದೆ ಮುಂದೆ ನಡೆಯುತ್ತಿದ್ದಾಳೆ, ಒಂದು ಮರದಷ್ಟು ದೂರದಲ್ಲಿ, ಎಂದೇ ಅವನು ತಿಳಿದ. ಬಾನುಬಿ ಅವನ ತೋಳಿಗೆ ತಾಯಿತ ಕಟ್ಟಿಸಿದಳು. ಅವನ ಬೆರಳುಗಳನ್ನು ತಾನೂ ಕದ್ದು ನೋಡುತ್ತಿದ್ದಳು. ಹೀಗೆ ಇನ್ನೊಂದು ವರ್ಷ ಕಳೆಯಿತು.

ಅಷ್ಟರಲ್ಲಿ ಬಾಗಲಕೋಟೆಯಲ್ಲಿ ಮತ್ತೆ ಇಲಿ ಬಿದ್ದವು. ಸುದ್ದಿ ತಂದವನು ಈರಪ್ಪನೇ. ಅದರ ಜೊತೆಗೆ ಇನ್ನೊಂದು ಮಾತು ಹೇಳಿದ. ಊರು ಬಿಟ್ಟವರು ಸಂಗಮದ ಕಡೆ ಹೊರಟಿದ್ದಾರೆ, ದಾರಿಯಲ್ಲಿ ಅವನ ಗಾಡಿ ನಿಲ್ಲಿಸಿ, ದಸ್ತಗೀರನ ದುಂಡಿನ ದ್ವಾಸಿ ಎಲ್ಲಿ ಎಂದು ಕೇಳಿದರು.

ಸಾಬ ಅಲ್ಲೇ ಲೆಕ್ಕ ಹಾಕಿದ. ಈ ದುಂಡು ಬರೆಯುವುದು ದೆವ್ವವಾಗಲಿ, ತನ್ನ ಕೈಯೇ ಆಗಲಿ, ಅದು ಮಂದಿಯನ್ನು ಯಾವುದೋ ಒಂದು ಒಲೆಯ ಮುಂದೆ ಕರೆಯುತ್ತಿದೆ. ಆ ಒಲೆಯ ಹಿಂದೆ ಯಾರೋ ಕೂತಿದ್ದಾರೆ. ಇನ್ನೊಬ್ಬ ಅಂದಾನಪ್ಪ ಅಲ್ಲಿಗೆ ಮುಟ್ಟುವ ಮುಂಚೆ ತಾನು ಮುಟ್ಟಬೇಕು. ಗಂಟನ್ನು ಮನೆಯಲ್ಲೇ ಬಿಟ್ಟು ಈರಪ್ಪನ ಗಾಡಿ ಹತ್ತಿದ. ಹುನಗುಂದದಲ್ಲಿ ಇಳಿದು, ಒಂದು ವರ್ಷದಿಂದ ಕಂಡರೆ ಮುಖ ತಿರುಗಿಸುತ್ತಿದ್ದ ದುಂಡುಗಳನ್ನು ಮೊದಲ ಸಲ ಒಂದೊಂದೇ ಹಿಡಿದುಕೊಂಡು ಹೊರಟ.

ಹುಣಸೆ ಮರ, ಕಲ್ಲು, ಬನ್ನಿ ಮರ, ಬಾವಿಯ ಕಟ್ಟೆ. ಕಡೆಯದು ಹೊಳೆಯ ದಂಡೆಯಲ್ಲಿ, ಹರಿಗೋಲು ನಿಲ್ಲುವ ಜಾಗಕ್ಕೆ ಸ್ವಲ್ಪ ಮೇಲೆ, ಒಂದು ಜಾಲಿ ಮರದ ಮೇಲೆ. ಅದರ ಕೆಳಗೆ ಜೋಳದ ದಂಟಿನ ಗುಡಿಸಲು. ಆ ಹೊತ್ತಿಗೆ ಗಿರಾಕಿ ಯಾರೂ ಇರಲಿಲ್ಲ. ಗುರುಲಿಂಗವ್ವ ಬೆನ್ನು ಹಾಕಿ ಒಲೆಯ ಮುಂದೆ ಕೂತು, ಬದನೆಯ ತೊಟ್ಟಿನಿಂದ ಹಂಚಿಗೆ ಎಣ್ಣೆ ಸವರುತ್ತಿದ್ದಳು.

ಅವಳು ತಿರುಗಲಿಲ್ಲ. ಎಲೆ ಹಾಸಿದಳು, ಅದರ ಮೇಲೆ ಒಂದು ದೋಸೆ ಬೋರಲು ಹಾಕಿದಳು. ಅಂಚಿನ ಹತ್ತಿರ ತೊಗರಿಕಾಳಿನಷ್ಟು ಗುಳಿ.

ಆಮೇಲೆ ತಿರುಗಿದಳು. ಅದೇ ಹಣೆ, ಅದೇ ಮೂಗು. ಆದರೆ ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಷೆಡ್ಡಿನಿಂದ ಯಾರೂ ತಿರುಗಿ ಬರುವುದಿಲ್ಲ ಎಂದು ಮುದುಕಿ ಹೇಳಿದ್ದಳಲ್ಲ, ಸಾವಿತ್ರೆವ್ವ ತಿರುಗಿ ಬಂದಿದ್ದಳು. ಸುಟ್ಟ ಸಾಮಾನಿನಲ್ಲಿ ಸುಡದೆ ಉಳಿದದ್ದು ಹಂಚು ಒಂದೇ. ಅದನ್ನು ಎತ್ತಿಕೊಂಡು ಊರು ಬಿಟ್ಟಿದ್ದಳು.

“ಎರಡು ವರ್ಷ ಹಿಡೀತು ನೋಡು ಕಾಕಾ ನಿನಗ” ಎಂದಳು. “ಎಲ್ಲಾರೂ ಬಂದ್ರು, ನೀ ಬರಲಿಲ್ಲ.”

ದುಂಡು ಬರೆದದ್ದು ಅವಳೇ. ಬಾಗಿಲ ಎದುರಿಗೆ ಎರಡು ವರ್ಷ ದಿನಾ ನೋಡಿದ್ದನ್ನು ಬರೆಯಲು ಕಲಿಸಬೇಕೇ? ದೋಸೆಗೆ ಬರದಿದ್ದರೂ ತನ್ನ ಗುರುತು ಕಂಡರೆ ಅವನು ಬಂದೇ ಬರುತ್ತಾನೆ ಎಂದು ಬರೆದಿದ್ದಳು. ಒರೆಸಿದ ಕಡೆ ಮತ್ತೆ ಬರೆದಿದ್ದಳು. ಬಂದವನನ್ನು ಏನು ಮಾಡಬೇಕೆಂದು ಅವಳು ಬಹಳ ವಿಚಾರ ಮಾಡಿದ್ದಳಂತೆ, ಕಡೆಗೆ ಉಳಿದದ್ದು ಒಂದೇ ಪ್ರಶ್ನೆ.

“ಆ ಗುಮಾಸ್ತಗ ನಮ್ಮ ಮನಿ ತೋರಿಸಿದವರು ಯಾರು? ನನ್ನ ಮುಂದ ಒಮ್ಮೆ ಹೇಳು.”

ಸುಳ್ಳು ಹೇಳಲು ಜಾಗ ಬೇಕಾದಷ್ಟಿತ್ತು. ರೈಲಿನ ಉದ್ದಕ್ಕೂ ಸಾವಿರ ಮಂದಿಗೆ ಆ ದೋಸೆಯ ಸುದ್ದಿ ಗೊತ್ತಿತ್ತು, ಯಾರಾದರೂ ಹೇಳಿರಬಹುದು. ಆ ಮಾತು ದಸ್ತಗೀರಸಾಬನ ನಾಲಿಗೆಯ ತುದಿಯ ತನಕ ಬಂತು. ಎಲೆಯ ಮೇಲಿನ ಗುಳಿ ನೋಡಿದ.

“ನಾನಽ ಹೇಳಿದೆ” ಎಂದ. “ಅವನ ಅಂಗೈ ಮ್ಯಾಲ ದುಂಡು ಬರದು ಕಳಿಸಿದೆ.”

ಸಾವಿತ್ರೆವ್ವ ಒಲೆಯ ಕೊಳ್ಳಿ ಹಿಂದಕ್ಕೆಳೆದಳು. ಆಮೇಲೆ ಹೇಳಿದ್ದನ್ನು ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ಅವ್ವಗ ಗೊತ್ತಿತ್ತು. ಅವ ನಿನ್ನ ಹೆಸರು ಹೇಳಿದ್ದ. ಮೈ ಸುಡತಿತ್ತು ಅವಂದು, ಕಟ್ಟಿ ಮ್ಯಾಲಿಂದ ಎಬ್ಬಿಸಿ ಕಳಸು ಅಂದೆ ನಾ. ಸಾಬಣ್ಣ ಕಳಿಸ್ಯಾನ, ಹೆಂಗ ಎಬ್ಬಸ್ಲಿ ಅಂದಳು. ಒಳಗ ಕರದು ಮಲಗಿಸಿದಳು.”

ಸಾವಿತ್ರೆವ್ವ ಅಳಲಿಲ್ಲ, ಬೈಯಲಿಲ್ಲ. ತಿನ್ನು ಎಂದಳು. ಅವನು ಅಂಚು ಮುರಿದ, ಆಮೇಲೆ ನಡುವಿನದು. ಅದೇ ರುಚಿ. ಹೊಗಳಿಕೆ ಗಂಟಲಿನ ತನಕ ಎದ್ದು ಬಂತು. ಅದನ್ನೂ ದೋಸೆಯ ಜೊತೆಗೇ ನುಂಗಿದ.

ತಿಂದಾದ ಮೇಲೆ ಬಾಗಲಕೋಟೆಯ ಇಲಿಗಳ ವಿಷಯ ಹೇಳಿದ, ಮಂದಿ ದುಂಡು ಹುಡುಕಿಕೊಂಡು ಬರುತ್ತಿರುವುದನ್ನೂ ಹೇಳಿದ. ಅದು ಅವಳಿಗೆ ಗೊತ್ತಿರಲಿಲ್ಲ. ಹಂಚನ್ನು ಒಲೆಯಿಂದ ಇಳಿಸಿದಳು. ಈಗಿಂದೀಗಲೇ ಹೊಳೆ ದಾಟಿ ಆಚೆಯ ಹೊಲಗಳ ಕಡೆ ಹೋಗುತ್ತೇನೆ, ಎಲ್ಲಿ ಎಂದು ನಿನಗೂ ಹೇಳುವುದಿಲ್ಲ ಎಂದಳು.

“ಹನ್ನೊಂದು ದುಂಡು ಬರದೀನಿ. ಎಲ್ಲಾ ಹುನಗುಂದದಿಂದ ಈ ಕಡೆ. ಬಾದಾಮಿಗೆ ನಾ ಮತ್ತ ಕಾಲಿಟ್ಟಿಲ್ಲ. ಹನ್ನೊಂದೂ ನೀನಽ ಅಳಸಿಕೋತ ಹೋಗು.”

ಅವನು ರುಮಾಲು ಬಿಚ್ಚಿ ಹೊಳೆಯಲ್ಲಿ ಅದ್ದಿದ. ಜಾಲಿ ಮರದಿಂದ ಶುರು ಮಾಡಿ, ಬಾವಿ ಕಂಡ ಕಡೆ ರುಮಾಲು ಹಿಂಡಿ ಮತ್ತೆ ಅದ್ದಿಕೊಂಡು, ಎರಡು ದಿನ ತಿರುಗಿ ಅಳಿಸಿದ. ದಾರಿಯಲ್ಲಿ ಗಂಟುಮೂಟೆ ಹೊತ್ತ ಒಂದು ಸಂಸಾರ ಎದುರಾಯಿತು. ಮನೆಯ ಯಜಮಾನ ದುಂಡಿನ ದೋಸೆಯ ಒಲೆ ಎಲ್ಲಿ ಎಂದು ಕೇಳಿದ. ಅಂಥದ್ದು ಯಾವುದೂ ಇಲ್ಲ ಎಂದ ದಸ್ತಗೀರಸಾಬ. ಹತ್ತು, ಹನ್ನೊಂದು. ಹುಣಸೆ ಮರದ್ದು ಹನ್ನೊಂದನೆಯದು. ಮುಗಿಯಿತು.

ಮುಗಿದರೂ ಅವನು ಮನೆಗೆ ಹೋಗಲಿಲ್ಲ. ಗುರುಲಿಂಗವ್ವನಿಗೂ ಒಂದು ಮಾತು ಹೇಳಿ ಬರಬೇಕು ಅನಿಸಿತು. ಪ್ಲೇಗಿನ ಬಾಗಲಕೋಟೆಯ ಒಳಗೆ ಕಾಲಿಡದೆ, ಹೊಲದ ದಾರಿ ಹಿಡಿದು, ಮೂರು ದಿನ ನಡೆದು ಬಾದಾಮಿ ಮುಟ್ಟಿದ. ಮತ್ತೆ ಅದೇ ಮಟಮಟ ಮಧ್ಯಾಹ್ನ. ಬಾಗಿಲಿನ ಕೆಂಪು ಬಣ್ಣ ಮಾಸಿ ಕಂದಾಗಿತ್ತು. ಬೇವಿನ ಮರದಲ್ಲಿ, ಎರಡು ವರ್ಷದ ಹಿಂದೆ ಅವನು ತಿಕ್ಕಿ ತೊಗಟೆ ಕಿತ್ತ ಜಾಗದಲ್ಲಿ, ಸುಣ್ಣದ ದುಂಡು. ಏಳು ಚುಕ್ಕೆ. ಹಸಿ.

ಹನ್ನೆರಡನೆಯದು.

ಅವನು ಬೆರಳು ನೋಡಿಕೊಂಡ. ಹತ್ತೂ ಬೆರಳು ಬಿಳಿ, ಉಗುರಿನ ಸಂದಿಯೂ ಬಿಳಿ. ಹನ್ನೊಂದು ದುಂಡು ಒರೆಸಿದ ಕೈ, ಇರದೆ ಏನು ಮಾಡೀತು? ಅದರಿಂದ ಯಾವ ಸಾಕ್ಷಿಯೂ ಸಿಗುವಂತಿರಲಿಲ್ಲ. ಕಟ್ಟೆಯ ಮೇಲೆ, ತಾನು ಯಾವಾಗಲೂ ಕೂಡುತ್ತಿದ್ದ ಮೂಲೆಯಲ್ಲಿ ಕೂತ.

“ಯಕ್ಕಾ, ಇನ್ನ ಹೊಗಳಂಗಿಲ್ಲ” ಎಂದು ಬಾಗಿಲಿಗೆ ಹೇಳಿದ. ಎದ್ದು ಹೋಗಿ ಅದನ್ನೂ ಒರೆಸಿದ. ಮುಂದೆ ಎಷ್ಟೋ ಸಲ ಆ ದಾರಿಯಲ್ಲಿ ಹೋದ, ಅಲ್ಲಿ ಮತ್ತೆ ದುಂಡು ಕಾಣಲಿಲ್ಲ. ಅದನ್ನು ಯಾರು ಬರೆದಿದ್ದರು ಎಂಬುದು ಅವನಿಗೆ ಸಾಯುವ ತನಕ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದು ಬೆರಳು ನೋಡಿಕೊಳ್ಳುವುದನ್ನೂ ಅವನು ಬಿಡಲಿಲ್ಲ.

ಆ ವರ್ಷದ ಪ್ಲೇಗು ದೊಡ್ಡದಿತ್ತು. ಅದು ಇಳಿದ ಮೇಲೆ ಒಂದು ದಿನ ಈರಪ್ಪ ನೂಲಿನ ಪೆಟ್ಟಿಗೆಗಳ ನಡುವಿನಿಂದ ಮುತ್ತಲ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಕೊಟ್ಟ. ದಾರಿಯಲ್ಲಿ ಒಬ್ಬ ಹೆಂಗಸು ಕೊಟ್ಟಳು, ಹೆಸರು ಹೇಳಲಿಲ್ಲ, ಎಲ್ಲಿ ಎಂದು ಯಾರಿಗೂ ಹೇಳಬೇಡ ಎಂದಳಂತೆ. ಒಳಗೆ ಒಂದು ದೋಸೆ, ನಿನ್ನೆಯದು. ದಸ್ತಗೀರಸಾಬ ಅದನ್ನು ತಿರುಗಿಸಿ, ಬೆನ್ನ ಮೇಲೆ ಹೆಬ್ಬೆರಳು ಆಡಿಸಿದ. ಅಂಚಿನ ಹತ್ತಿರ ಗುಳಿ ಸಿಕ್ಕಿತು.

“ಅದಾಳ” ಎಂದ.

ಪ್ರತಿ ವರ್ಷ ಪ್ಲೇಗಿನ ದಿನಗಳು ಮುಗಿದ ಮೇಲೆ ಅಂಥ ಒಂದು ಪೊಟ್ಟಣ ಬರುತ್ತಿತ್ತು. ಹೆಬ್ಬೆರಳಿಗೆ ಗುಳಿ ಸಿಕ್ಕ ಮೇಲೆಯೇ ಅವನು ಬಾಯಿಗೆ ಇಡುತ್ತಿದ್ದ, ಅರ್ಧ ಬಾನುಬಿಗೆ ಕೊಡುತ್ತಿದ್ದ. ಇಂಥ ದೋಸೆ ಎಲ್ಲಿ ಸಿಗುತ್ತದೆ ಎಂದು ಅವಳು ಒಮ್ಮೆ ಕೇಳಿದಳು. ಅವನು ಎಲೆಯನ್ನು ನಾಲ್ಕು ಮಡಿಕೆ ಮಡಚಿ ಒಲೆಗೆ ಹಾಕಿ, ಅದು ಪೂರ್ತಿ ಉರಿಯುವ ತನಕ ಅಲ್ಲೇ ಕೂತಿದ್ದ.